ರದ್ದಿಗೆ ಹೋದ ರಿಜಿಸ್ಟರು

ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಕ್ಯಾಮೆರಾದಷ್ಟೇ ಜೋಪಾನವಾಗಿ ಕಾಯುತ್ತಿದ್ದ ಇನ್ನೊಂದು ವಸ್ತುವಿತ್ತು, ಆರ್ಡರ್ ರಿಜಿಸ್ಟರು. ನೆಗೆಟಿವ್ ನಂಬರು, ಹೆಸರು, ಊರು, ಎಷ್ಟು ಪ್ರತಿ, ಮುಂಗಡ ಎಷ್ಟು, ಬಾಕಿ ಎಷ್ಟು ಎಲ್ಲವೂ ಅದರಲ್ಲಿ. ಅದೇ ನಂಬರನ್ನು ನೆಗೆಟಿವ್‌ನ ಅಂಚಿನಲ್ಲಿ ಸೂಜಿಯಿಂದ ಕೆರೆದಿರುತ್ತಿದ್ದರು. ಚಿಕ್ಕೋಡಿ ಕಡೆಯ ಅಂಥದೊಂದು ಸ್ಟುಡಿಯೋ ಮುಚ್ಚಿದಾಗ ನಾನು ನೆಗೆಟಿವ್ ಡಬ್ಬಿಗಳನ್ನಷ್ಟೇ ಹೊತ್ತು ತಂದೆ. ರಿಜಿಸ್ಟರುಗಳು ರದ್ದಿಗೆ ಹೋದವು. "ಇವನ್ನೂ ಒಯ್ತೀರೇನ್ರಿ ಸರ?" ಎಂದು ಆ ಮನೆಯ ಮಗ ಕೇಳಿದ್ದ. "ಮಂದಿ ಬಾಕಿ ಲೆಕ್ಕ ತಗೊಂಡು ನಾ ಏನ್ ಮಾಡ್ಲೋ ತಮ್ಮಾ" ಎಂದವನು ನಾನೇ.

ಆ ಫೋಟೋಗ್ರಾಫರ್ ಜಾತ್ರೆಗಳಿಗೆ ಹೋಗುತ್ತಿದ್ದವರು. ಚಿಂಚಲಿಯ ಮಾಯಕ್ಕನ ಜಾತ್ರೆ, ಕೊಕಟನೂರಿನ ಯಲ್ಲಮ್ಮನ ಜಾತ್ರೆಯಲ್ಲಿ ಡೇರೆ ಹೊಡೆದು, ಬಣ್ಣದ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದರು. ಹೆಗಲ ಮೇಲೆ ಕಂಬಳಿ, ಹಣೆತುಂಬ ಭಂಡಾರ ಹೊತ್ತ ಕುರುಬರು, ಸಂಬಾಳ ವಾದ್ಯ ಹಿಡಿದ ಗೊಂದಲಿಗರು, ಹೆಳವರು, ಹರಣಶಿಕಾರಿಗಳು ಆ ಪರದೆಯ ಮುಂದೆ ನಿಂತಿದ್ದರು. ಒಂದೇ ಊರಿನಲ್ಲಿ ನಿಲ್ಲದ ಈ ಮಂದಿಗೆ ಪ್ರಿಂಟು ತಲುಪಿಸುವುದು ಸುಲಭವಲ್ಲ. ಅದಕ್ಕೇ ಫೋಟೋಗ್ರಾಫರ್ ರಿಜಿಸ್ಟರಿನಲ್ಲಿ ಬರೀ ಹೆಸರು ಬರೆದು ಬಿಡುತ್ತಿರಲಿಲ್ಲ. ಯಾರ ಮಗ, ಕುರಿ ಯಾವ ಊರ ಹೊಲದಲ್ಲಿ ತರುಬುತ್ತಾರೆ, ಯಾವ ಸಂತೆಗೆ ಬರುತ್ತಾರೆ ಎಂದು ಒಂದೊಂದು ಸಾಲು ಗೀಚಿಕೊಳ್ಳುತ್ತಿದ್ದರು. ಬಾಕಿ ವಸೂಲಿಗಾಗಿ ಬರೆದ ಆ ಸಾಲುಗಳಲ್ಲಿ ಯಾವ ಗೆಜೆಟಿಯರಿಗೂ ಸಿಗದ ಮಾಹಿತಿ ಇತ್ತು. ಸ್ಟುಡಿಯೋದಲ್ಲಿ ನಿಂತೇ ಎರಡು ಪುಟ ತಿರುವಿ ನೋಡಿದ್ದೆ. ಆಗ ತಲೆಗೆ ಹತ್ತಲಿಲ್ಲ.

ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ, ನಿಪ್ಪಾಣಿಯಲ್ಲಿ ಪ್ರದರ್ಶನಕ್ಕಿಟ್ಟೆ. ಅಡಿಬರಹಗಳು ನನ್ನವೇ. ಹೆಸರು ಗೊತ್ತಿಲ್ಲದಿದ್ದರೂ ಬಟ್ಟೆಬರೆ ನೋಡಿ ಜಾತಿ ಬರೆದೆ. ತಲೆಯ ಮೇಲೆ ಪಡ್ಡಲಗಿ, ಅಂದರೆ ಯಲ್ಲಮ್ಮನ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳ ಚಿತ್ರದ ಕೆಳಗೆ 'ದೇವದಾಸಿ, ಕೊಕಟನೂರು' ಎಂದು ಹಾಕಿದೆ. ನೋಡಿದವರೆಲ್ಲ ಅದನ್ನೇ ಹೆಚ್ಚು ಮೆಚ್ಚಿದರು.

ಕಾಗವಾಡ ಕಡೆಯವರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು ನನ್ನನ್ನು ಕರೆದರು.

"ಇಕಿ ನಮ್ಮ ಆಯಿ ರೀ. ನಮ್ಮಪ್ಪ ಸಣ್ಣಾವಿದ್ದಾಗ ಮೈಯಾಗ ಆರಾಮ ಇರಲಿಲ್ಲಂತ, ಹರಕಿ ಹೊತ್ತಿದ್ಲು. ನೀವು ಏನ್ ಬರದೀರಿ ಇದು?"

ಯಲ್ಲಮ್ಮನ ಒಕ್ಕಲಾದ ಎಷ್ಟೋ ಮನೆಗಳಲ್ಲಿ ಪಡ್ಡಲಗಿ ತುಂಬಿಸುತ್ತಾರೆ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಪ್ರಿಂಟನ್ನು ಹತ್ತಿರದಿಂದ ನೋಡಿದೆ. ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವರ ಕೊರಳಲ್ಲಿರುವ ಕೆಂಪು-ಬಿಳಿ ಮಣಿಯ ಸರ ಆಕೆಯ ಕೊರಳಲ್ಲಿರಲಿಲ್ಲ. ಸೆರಗಿನ ಅಂಚಿಗೆ ತಾಳಿ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಚಿತ್ರವನ್ನು ಅಲ್ಲೇ ಇಳಿಸಿದೆ, ಕೈಮುಗಿದೆ. ಅವರು ಬೈಯಲಿಲ್ಲ. "ಊರಾಗ ಯಾರರೆ ನೋಡ್ಯಾರೇನ್ರಿ?" ಎಂದಷ್ಟೇ ಕೇಳಿದರು. ನೋಡಿದ್ದರು, ಪತ್ರಿಕೆಯಲ್ಲೂ ಬಂದಿತ್ತು. ಅಂಚಿನಲ್ಲಿ ನಂಬರು ಇತ್ತು. ಆ ನಂಬರಿನ ಎದುರು ಆಕೆಯ ಹೆಸರಿದ್ದ ಪುಟ ಯಾವುದೋ ಕಾಗದದ ಮಿಲ್ಲಿನಲ್ಲಿ ಕರಗಿ ಹೋಗಿತ್ತು.

ನಗು ಬರುವ ಮಾತೆಂದರೆ, ಇದೇ ಕೆಲಸಕ್ಕಾಗಿ ಬ್ರಿಟಿಷರನ್ನು ತರಾಟೆಗೆ ತೆಗೆದುಕೊಂಡು ಲೇಖನ ಬರೆದವನು ನಾನು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ'ದಲ್ಲಿ ನಾನೂರಕ್ಕೂ ಹೆಚ್ಚು ಫೋಟೋಗಳಿವೆ. ಬಹುತೇಕ ಕಡೆ ಮನುಷ್ಯರಿಗೆ ಜಾತಿಯೇ ಹೆಸರು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಬಂದದ್ದೂ ಅದೇ ಕಾಲದಲ್ಲಿ. ಜಾತಿಯ ಚೀಟಿ ಹಚ್ಚಿದರೆ ಏನಾಗುತ್ತದೆ ಎಂಬುದನ್ನು, ಆ ಕಾಯ್ದೆ ರದ್ದಾದ 1952ರವರೆಗೂ ಅನುಭವಿಸಿದವರು ನಮ್ಮ ನಡುವೆಯೇ ಇದ್ದಾರೆ. ಅವರ ಮೊಮ್ಮಕ್ಕಳ ಕಾಲದಲ್ಲಿ ನಾನು ಅದೇ ಚೀಟಿ ಹಚ್ಚಿದೆ, ಅದೂ ಅಭಿಮಾನದಿಂದ.

ಕಾಗದ ಉಳಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ದೂರದಲ್ಲಿಲ್ಲ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗುಂಥರ್ ಸೋಂಥೈಮರ್ ಗಡಿಯಾಚೆ ಮಹಾರಾಷ್ಟ್ರದ ಧನಗರ ಕುರಿಗಾರರ ನಡುವೆ ವರ್ಷಗಟ್ಟಲೆ ಓಡಾಡಿ ಬೀರೋಬಾ, ಖಂಡೋಬಾ ದೇವರುಗಳ ಹಾಡು, ಕುಣಿತ, ಜಾತ್ರೆಗಳನ್ನು ಟೇಪು, ಫೋಟೋ, ಫಿಲ್ಮಿಗೆ ಇಳಿಸಿದವರು. ಅವರು ತೀರಿಕೊಂಡದ್ದು 1992ರಲ್ಲಿ. ಅವರು ಧ್ವನಿಮುದ್ರಿಸಿದ್ದ ಧನಗರರ ಎರಡು ಕಥನಗಳನ್ನು ಸಂಶೋಧಕಿ ಆನ್ ಫೆಲ್ಡ್‌ಹೌಸ್ ಇಂಗ್ಲಿಷಿಗೆ ತಂದು ಪ್ರಕಟಿಸಿದ್ದು 2014ರಲ್ಲಿ. ಟೇಪು, ಬರಹ ಕೈಗೆ ಸಿಗುವಂತೆ ಉಳಿದಿದ್ದರಿಂದಲೇ ಇಪ್ಪತ್ತೆರಡು ವರ್ಷದ ನಂತರವೂ ಆ ಕೆಲಸ ಸಾಧ್ಯವಾಯಿತು. ನಮ್ಮ ಸ್ಟುಡಿಯೋದವರ ಹಿಂದೆ ವಿಶ್ವವಿದ್ಯಾಲಯವಿರಲಿಲ್ಲ, ನಿಜ. ಆದರೆ ರಿಜಿಸ್ಟರು ಇತ್ತಲ್ಲ.

ಈಗ ಆ ಚಿತ್ರಗಳ ಸಣ್ಣ ಪ್ರತಿಗಳನ್ನು ಹಿಡಿದುಕೊಂಡು ಜಾತ್ರೆಗಳಲ್ಲಿ ಮುದುಕರನ್ನು ಹುಡುಕುತ್ತೇನೆ. ಕೆಲವು ಹೆಸರು ಸಿಕ್ಕಿವೆ, ಹೆಚ್ಚಿನವು ಸಿಕ್ಕಿಲ್ಲ. ಮನೆಯವರನ್ನು ಕೇಳದೆ ಯಾವ ಚಿತ್ರವನ್ನೂ ಹೊರಗೆ ತೋರಿಸುವುದಿಲ್ಲ.

ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದಲ್ಲಿ ತಂದೆ-ಅಜ್ಜನ ಸ್ಟುಡಿಯೋ ಖಾಲಿ ಮಾಡುತ್ತಿರುವವರಲ್ಲಿ ನನ್ನದೊಂದು ವಿನಂತಿ. ಬಿಲ್ ಬುಕ್ಕು, ರಿಜಿಸ್ಟರು, ಗಿರಾಕಿಗಳ ಪೋಸ್ಟ್‌ಕಾರ್ಡು, ನೆಗೆಟಿವ್ ಸುತ್ತಿದ ಕವರು, ಯಾವುದನ್ನೂ ರದ್ದಿಗೆ ಹಾಕಬೇಡಿ. ಕವರಿನ ಮೇಲೆಯೂ ಬರಹ ಇರುತ್ತದೆ. ಹುಳಿ ವಾಸನೆ ಹೊಡೆಯುವ ಫಿಲ್ಮು ಕೆಡುತ್ತಿದೆ ಎಂದೇ ಲೆಕ್ಕ, ಅದನ್ನು ಬೇರೆ ಡಬ್ಬಿಯಲ್ಲಿಡಿ. ಜಾಗ ಇಲ್ಲವೆಂದರೆ, ಕೊಡುವ ಮುಂಚೆ ರಿಜಿಸ್ಟರಿನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನನ್ನಂಥವನು ಬಂದು ಬರೀ ನೆಗೆಟಿವ್ ಕೇಳಿದರೆ ಕೊಡಬೇಡಿ.