ಹಾಳೆಯ ಹಿಂದೆ ಕಂಡ ಇಂಕು

ಹೋದ ವರ್ಷ ನಮ್ಮ ಸಂಘದ ಕಾರ್ಯದರ್ಶಿ ಚುನಾವಣೆಯನ್ನು ಆನ್‌ಲೈನ್ ಫಾರ್ಮ್‌ನಲ್ಲೇ ಮುಗಿಸಿದೆವು. ಫಸ್ಟ್ ಇಯರ್ ಹುಡುಗನೊಬ್ಬ ಬಂದು, "ಅಣ್ಣಾ, ನಾನು ಯಾರಿಗೆ ಹಾಕಿದೆ ಅಂತ ನಿಮಗೆ ಗೊತ್ತಾಗುತ್ತಾ?" ಅಂತ ಕೇಳಿದ. "ಲೆಕ್ಕ ಸರಿಯಾಗೇ ಬರತ್ತೆ, ಸುಮ್ನೆ ಹಾಕೋ" ಅಂದು ನಕ್ಕೆವು.

ಅವನ ಪ್ರಶ್ನೆ ಮತ್ತೆ ನೆನಪಾಗಿದ್ದು ಜಾರ್ಜಿಯಾ ದೇಶದ ಚುನಾವಣೆ ಬಗ್ಗೆ ಓದುವಾಗ. ನಮ್ಮ ರೂಮಿನವನೊಬ್ಬನ ಅಕ್ಕ ತಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಾಳೆ. ಹಾಗಾಗಿ ಅಲ್ಲಿಯ ಸುದ್ದಿ ಬಂದರೆ ನಾವೆಲ್ಲ ಓದುತ್ತೇವೆ.

ಅಲ್ಲಿ 2012ರಿಂದ 'ಜಾರ್ಜಿಯನ್ ಡ್ರೀಮ್' ಪಕ್ಷದ್ದೇ ಆಡಳಿತ. 2024ರ ಅಕ್ಟೋಬರ್ 26ರ ಸಂಸತ್ ಚುನಾವಣೆಯಲ್ಲಿ ಅದಕ್ಕೆ ಸುಮಾರು ಶೇ. 54 ಮತ, 150ರಲ್ಲಿ 89 ಸ್ಥಾನ ಬಂತು ಅಂತ ಆಯೋಗ ಘೋಷಿಸಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ; ಅಂದಿನ ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿಯೂ ಒಪ್ಪಲಿಲ್ಲ. ಜನ ಬೀದಿಗಿಳಿದರು.

ಆ ಸಲ ಹೆಚ್ಚಿನ ಮತಗಟ್ಟೆಗಳಲ್ಲಿ ಎಣಿಸುವ ಯಂತ್ರ ಇತ್ತು. ಮತಪತ್ರದಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ ಯಂತ್ರಕ್ಕೆ ಕೊಡಬೇಕು. ಆದರೆ ಇಂಕು ಹಾಳೆಯ ಹಿಂಬದಿಗೂ ಕಾಣುತ್ತಿತ್ತು! ಗುರುತು ಎಲ್ಲಿದೆ ಅಂತ ಗೊತ್ತಾದರೆ ಮತ ಯಾರಿಗೆ ಅನ್ನೋದೂ ಗೊತ್ತಾಯಿತಲ್ಲ. ತೆತ್ರಿತ್ಸ್ಕಾರೋ ಊರಿನ ನ್ಯಾಯಾಧೀಶರೊಬ್ಬರು ಗೋಪ್ಯತೆ ಮುರಿದಿದೆ ಅಂತ ಕೆಲವು ಮತಗಟ್ಟೆಗಳ ಫಲಿತಾಂಶ ರದ್ದು ಮಾಡಿದರು. ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆಯೋಗ ಕೆಲವೆಡೆ ಮರುಎಣಿಕೆ ಮಾಡಿಸಿ, ದೊಡ್ಡ ವ್ಯತ್ಯಾಸ ಇಲ್ಲ ಅಂದಿತು.

ಇರಲಿಕ್ಕಿಲ್ಲ. ಆದರೆ ಸರ್ಕಾರಿ ನೌಕರರ ಮೇಲೆ ಒತ್ತಡ ಇತ್ತು ಅಂತ ಐರೋಪ್ಯ ವೀಕ್ಷಕರು ವರದಿ ಮಾಡಿದ್ದರು. ಕೆಲಸ ಹೋದೀತು ಅಂತ ಹೆದರಿ ಹಾಕಿದ ಮತವನ್ನು ಹತ್ತು ಸಲ ಎಣಿಸಿದರೂ ಅದು ಒಂದೇ ಮತ. ಭಯವನ್ನು ಯಾವ ಯಂತ್ರ ಎಣಿಸುತ್ತೆ?

ಇಷ್ಟೆಲ್ಲ ಚರ್ಚೆ ಮಾಡಿ ನಾವು ಸುಮ್ಮನಾದೆವು. ಯಾಕೆಂದರೆ ನಮ್ಮ ಫಾರ್ಮ್‌ನಲ್ಲಿ ಇಮೇಲ್ ಕಾಲಂ ಇತ್ತು. ಫಲಿತಾಂಶ ಬಂದ ರಾತ್ರಿ ಶೀಟ್ ತೆರೆದು ನೋಡಿದ್ದೆವು. ಆ ಹುಡುಗ ನಮ್ಮವನಿಗೆ ಹಾಕಿರಲಿಲ್ಲ. ರಾಜ್ಯೋತ್ಸವದ ನಿರೂಪಣೆಗೆ ಅವನ ಹೆಸರು ಬಂದಾಗ "ಬೇರೆ ಯಾರನ್ನಾದ್ರೂ ನೋಡೋಣ" ಅಂದವರೂ ನಾವೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಮಗೆ ನಾವೇ ಹೇಳಿಕೊಂಡಿದ್ದೆವು.

ಈ ಸಲ ದಪ್ಪ ಕಾಗದದ ಚೀಟಿ, ಎಲ್ಲರಿಗೂ ಒಂದೇ ಪೆನ್ನು, ಒಂದು ಶೂ ಡಬ್ಬಿ. ಎಣಿಕೆಗೆ ನೀನೇ ಕೂರಬೇಕು ಅಂತ ಅವನನ್ನು ಕೇಳಿದ್ದೇವೆ, ಕಾರಣವನ್ನೂ ಹೇಳಿದ್ದೇವೆ. ಇನ್ನೂ ಹೂಂ ಅಂದಿಲ್ಲ.