ಸೂಜಿ ಇಳಿಯುವ ಮುನ್ನ

ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆ. ಕರಡಿ ಮಜಲಿನ ಸದ್ದು ಎದೆಗೇ ಬಂದು ಬಡಿಯುತ್ತಿದೆ. ಮಿರ್ಚಿ ಕರಿಯುವ ಎಣ್ಣೆಯ ಘಾಟು, ಧೂಳು, ಬೆವರು. ಹಚ್ಚೆ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೀವು ಎಡಗೈ ಚಾಚಿದ್ದೀರಿ. ಮುಂಗೈ ಮೇಲೆ ಅವ್ವನ ಹೆಸರು ಬರಬೇಕು. ಬ್ಯಾಟರಿಗೆ ಸಿಕ್ಕಿಸಿದ ಮಷಿನ್ ಗುಂಯ್‌ಗುಡುತ್ತಿದೆ.

ಪಕ್ಕದಲ್ಲಿ ಅಜ್ಜಿ, ನಿಮ್ಮ ಆಯಿ, ನಿಂತಿದ್ದಾಳೆ. ಅವಳ ಸುಕ್ಕುಗಟ್ಟಿದ ತೋಳಿನ ತುಂಬ ಹಸಿರು ಹಚ್ಚೆ: ತುಳಸಿಕಟ್ಟೆ, ಚೇಳು, ಕೃಷ್ಣನ ತೊಟ್ಟಿಲು. ರಬಕವಿಯ ಮಗ್ಗದ ಮನೆಯ ಅಂಗಳದಲ್ಲಿ ಕೊರವರ ಹೆಣ್ಣುಮಗಳೊಬ್ಬಳು ಕೂತು ಚುಚ್ಚಿದ್ದು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿ ಜೋಡಿಸಿ ಕಟ್ಟಿ, ಹುಡುಗಿ ನೋವು ಮರೆಯಲೆಂದು ಹಾಡು ಹೇಳುತ್ತ ಹೇಳುತ್ತ ಚುಚ್ಚಿದಳು. ಕೊನೆಗೆ ಅರಿಶಿನ ಒತ್ತಿದಳು. ಸತ್ತಾಗ ಬಂಗಾರವನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಸಂಗಡ ಬರುತ್ತದೆ ಎಂದು ನಂಬಿದ ತಲೆಮಾರು ಅದು.

"ನನ್ನ ಯಾರ ಕೇಳಿದ್ರು? ಇಬ್ಬರು ಹಿಡಕೊಂಡ್ರು, ಚುಚ್ಚಿದ್ರು" ಅನ್ನುತ್ತಾಳೆ ಆಯಿ.

ನಿಮ್ಮನ್ನು ಯಾರೂ ಹಿಡಿದಿಲ್ಲ. ಇಷ್ಟಪಟ್ಟೇ ಕೂತಿದ್ದೀರಿ.

ನಿಮಗಿಂತ ಮುಂಚಿನ ಹುಡುಗ ಎದ್ದ. ಅವನ ತೋಳಿನ ಮೇಲೆ ರಕ್ತದ ಸಣ್ಣ ಹನಿಗಳು. ಅಂಗಡಿಯವನು ಅವನ್ನು ಒರೆಸಿದ ಬಟ್ಟೆಯಿಂದಲೇ ಸೂಜಿ ಒರೆಸುತ್ತಾನೆ. ಅದೇ ಮುಚ್ಚಳದ ಬಣ್ಣಕ್ಕೆ ಅದ್ದುತ್ತಾನೆ. ನಿಮ್ಮ ಬಾಯಿ ಒಣಗುತ್ತದೆ.

ಮೇಲಿನ ಚರ್ಮ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತದೆ. ಬಣ್ಣ ನಿಲ್ಲಬೇಕಾದರೆ ಸೂಜಿ ಅದನ್ನು ದಾಟಿ, ರಕ್ತನಾಳಗಳಿರುವ ಒಳಪದರಕ್ಕೆ ಇಳಿಯಲೇಬೇಕು. ಹಿಂದಿನವನ ರಕ್ತದಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ವೈರಸ್ ಇದ್ದರೆ ಅದೂ ಜತೆಗೆ ಇಳಿಯಬಹುದು. ಆಯಿಯ ಕಾಲದಲ್ಲಿ ಇದನ್ನು ಹೇಳುವವರಿರಲಿಲ್ಲ. ನಿಮಗೆ ಗೊತ್ತಿದೆ.

"ತಮ್ಮಾ, ಹೊಸಾ ಸೂಜಿ ಹಾಕೋ."

"ಏನೂ ಆಗೂದಿಲ್ರೀ ಆಯಿ."

ಹಿಂದೆ ಸಾಲು ನಿಂತಿದೆ. ಗೆಳೆಯರು ಮೊಬೈಲ್ ಹಿಡಿದು ಕಾದಿದ್ದಾರೆ. ಎದ್ದರೆ ನಗುತ್ತಾರೆ. ಮಷಿನ್ ಹತ್ತಿರ ಬಂತು. ಕಿವಿಯ ತುಂಬ ಅದೇ ಸದ್ದು. ಇನ್ನೊಂದು ಬೆರಳಿನಷ್ಟು ದೂರ. ಅವನ ಹೆಬ್ಬೆರಳು ಚರ್ಮವನ್ನು ಬಿಗಿಯಾಗಿ ಎಳೆಯಿತು.

"ಬ್ಯಾಡಾದ್ರ ಏಳು" ಅನ್ನುತ್ತಾಳೆ ಆಯಿ. ಅವಳಿಗೆ ಯಾರೂ ಹೇಳದ ಮಾತು.

ಕೈ ಕಿತ್ತುಕೊಳ್ಳುತ್ತೀರಿ. ಎದ್ದೇಬಿಟ್ಟಿರಿ.

ಹಚ್ಚೆ ಖಂಡಿತ ಹಾಕಿಸಿಕೊಳ್ಳಿ, ಅದು ನಮ್ಮ ಅಜ್ಜಿಯಂದಿರ ಒಡವೆ. ಆದರೆ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ, ಬಣ್ಣವನ್ನು ನಿಮಗೆಂದೇ ಬೇರೆ ಬಟ್ಟಲಿಗೆ ಸುರಿಯಲಿ, ಹೊಸ ಕೈಗವಸು ತೊಡಲಿ. ಆಗುವುದಿಲ್ಲ ಎಂದರೆ, ಯಾರು ನಕ್ಕರೂ ಸರಿ, ಎದ್ದು ಬನ್ನಿ.