ಜಗಳ ಕೇಳೋಕೆ ಮುಂಚೆ (ಭಾಗ 3)

ಮೈಲಾರದ ಕಾರ್ಣಿಕ ನೋಡಿದವರಿಗೆ ಗೊತ್ತು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದ್ರೆ ಲಕ್ಷಗಟ್ಟಲೆ ಜನ ಗಪ್ ಆಗ್ತಾರೆ. ಆಮೇಲೆ ಬರೋದು ಒಂದೇ ಸಾಲು. ಅದಕ್ಕೆ ರೈತರು ಮಳೆ-ಬೆಳೆ ಅಂತ ಅರ್ಥ ಹಚ್ತಾರೆ, ರಾಜಕೀಯದವರು ಸರ್ಕಾರ ಅಂತಾರೆ.

ಗಂಡ-ಹೆಂಡತಿ ಮೊದಲ ಸಲ ಕೌನ್ಸೆಲಿಂಗಿಗೆ ಬಂದಾಗಲೂ ಹಿಂಗೇ ನೋಡ್ರಿ. ಜಗಳ ಒಂದು, ಕಥೆ ಎರಡು. ಅಲ್ಲಿ ಕೂತ ನಾವು ಯಾವ ಕಥೆ ಖರೆ ಅಂತ ಹುಡುಕೋಕೆ ಹೋದ್ವೋ, ಕೆಲಸ ಕೆಟ್ಟಂಗೆ.

ನಮ್ಮ ಕಡೆ ಮನೆ ಜಗಳ ಅಂದ್ರೆ ಕಟ್ಟೆ ಮೇಲೆ ಪಂಚಾಯ್ತಿ. ಹಿರಿಯರ ಮೊದಲ ಪ್ರಶ್ನೆ ‘ತಪ್ಪು ಯಾರ್ದು?’ ಕೊನೆ ಮಾತು ‘ಹೊಂದ್ಕೊಂಡು ಹೋಗವ್ವ’. ‘ಹೊಂದ್ಕೊಂಡು ಹೋಗಪ್ಪಾ’ ಅಂದಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ!

ಕೌನ್ಸೆಲರ್ ಕೇಳಬೇಕಾದ್ದು ಬೇರೆ. ‘ಇಲ್ಲಿಗೆ ಬರೋಣ ಅಂತ ಮೊದಲು ಅಂದವರು ಯಾರು?’ ಒಬ್ಬರಿಗೆ ಸಂಸಾರ ಉಳಿಸಬೇಕು, ಇನ್ನೊಬ್ಬರು ಮನಸ್ಸಲ್ಲೇ ಆಗಲೇ ಹೊರಗೆ ಹೋಗಿರ್ತಾರೆ. ಇದು ಗೊತ್ತಾಗದೆ ಹೇಳೋ ಬುದ್ಧಿಮಾತು ನೀರಲ್ಲಿ ಹೋಮ. ಇಬ್ಬರಿಗೂ ಸಮ ಹೊತ್ತು ಕೊಡಬೇಕು. ಅತ್ತೆ, ಮಾವ, ಸೋದರಮಾವ ಜೊತೆಗೆ ಬಂದಿದ್ರೆ ಹೊರಗೆ ಚಹಾ ಕುಡೀತಿರ್ಲಿ.

ಈಗ ಮುಖ್ಯ ವಿಷಯ. ನೀವು ಓದೋದನ್ನ ಬಿಟ್ರೂ ಇದನ್ನ ಬಿಡಬೇಡಿ. ಮೊದಲ ದಿನವೇ ಇಬ್ಬರ ಹತ್ರಾನೂ ಸ್ವಲ್ಪ ಹೊತ್ತು ಬೇರೆ ಬೇರೆ ಮಾತಾಡಬೇಕು. ಹಂಗೆ ಹೇಳಿದ ಗುಟ್ಟನ್ನ ಏನು ಮಾಡ್ತೀವಿ ಅನ್ನೋದನ್ನ ಮುಂಚೇನೇ ಇಬ್ಬರಿಗೂ ತಿಳಿಸಬೇಕು. ಒಬ್ಬಳೇ ಇದ್ದಾಗ ಆಕೆಗೆ ನೇರವಾಗಿ ಕೇಳಬೇಕು: ‘ಹೊಡೀತಾರಾ? ಮನೆಗೆ ಹೋಗೋಕೆ ಹೆದರಿಕೆ ಆಗುತ್ತಾ?’ ಗಂಡನ ಎದುರು ಕೇಳಿದ್ರೆ ‘ಇಲ್ರಿ’ ಅಂತಾಳೆ. ‘ಹೌದು’ ಅಂದ್ಲೋ, ಬಸ್ಸಿಳಿದು ಮನೆ ಸೇರಿದ ಮೇಲೆ ಆ ಒಂದು ಮಾತಿಗೆ ಏಟು ತಿನ್ನೋಳು ಅವಳು. ನಾವಲ್ಲ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದ್ದು. ಅದರ 2006ರ ನಿಯಮಗಳಲ್ಲಿ 14ನೇದು ಕೌನ್ಸೆಲಿಂಗ್ ಬಗ್ಗೆ. ಮ್ಯಾಜಿಸ್ಟ್ರೇಟ್ ಕೌನ್ಸೆಲಿಂಗಿಗೆ ಕಳಿಸಿದಾಗ, ದೌರ್ಜನ್ಯಕ್ಕೆ ಸಮರ್ಥನೆ ಕೊಡೋ ಹಾಗಿಲ್ಲ ಅಂತ ಆಪಾದಿತನಿಗೆ ಮಾತು ಶುರುವಾಗೋ ಮುಂಚೇನೇ ತಿಳಿಸಬೇಕು. ‘ಅಡುಗೆ ಸರಿ ಮಾಡಲ್ಲ, ಎದುರು ಮಾತಾಡ್ತಾಳೆ, ಅದಕ್ಕೇ ಹೊಡೆದೆ’ ಅನ್ನೋ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ಮುಂದೆ ಹೊಡೆಯಲ್ಲ ಅಂತ ಅವನು ಮುಚ್ಚಳಿಕೆ ಕೊಡಬೇಕು. ನಮ್ಮ ಕಟ್ಟೆ ಪಂಚಾಯ್ತಿ ಶುರುವಾಗೋದೇ ಆ ವಾದದಿಂದ ಅಲ್ವಾ?

ನನ್ನ ಕೇಳಿದ್ರೆ, ಹೊಡೆತ ಇರೋ ಮನೆಯ ಇಬ್ಬರನ್ನ ಒಟ್ಟಿಗೆ ಕೂರಿಸೋ ಅವಸರ ಬೇಡ. ಮೊದಲು ಆಕೆ ಈ ರಾತ್ರಿ ಎಲ್ಲಿ ಮಲಗ್ತಾಳೆ, ಮಕ್ಕಳು ಎಲ್ಲಿ, ತವರಿಗೆ ಫೋನ್ ಮಾಡೋಕೆ ಆಗುತ್ತಾ ಅನ್ನೋದು ಗೊತ್ತಾಗಲಿ.

ಮಹಿಳಾ ಸಹಾಯವಾಣಿ 181. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡ್ಬಹುದು. ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಗೆಳತಿಗೋ ಕಳಿಸೋ ಮುಂಚೆ, ಆ ಫೋನನ್ನ ಮತ್ಯಾರು ನೋಡ್ತಾರೆ ಅಂತ ಒಮ್ಮೆ ಕೇಳ್ಕೊಳ್ಳಿ.

ಭಾಗ 4: ಬಾಯೇ ಬಿಡದ ಗಂಡಂದಿರು.